ಅಕ್ಕನ ಟೆಂಟಿನಲ್ಲಿ ನನ್ನ ಮೂಲೆ

ಬಿಸಿಲಿಗೆ ಕಾದ ಬಟ್ಟೆಯ ಮೇಲೆ ಮೇಣ ತಿಕ್ಕಿದರೆ ಒಂದು ವಾಸನೆ ಬರುತ್ತದೆ. ಮೇಣದಬತ್ತಿ ಆರಿಸಿದಾಗ ಬರುತ್ತದಲ್ಲ, ಆ ವಾಸನೆಯಲ್ಲ. ಅದಕ್ಕಿಂತ ಮೆತ್ತಗಿನದು, ಸ್ವಲ್ಪ ಜೇನಿನದು, ಸ್ವಲ್ಪ ಹೊಸ ಛತ್ರಿಯದು. ಈಗ ನಮ್ಮ ಮಹಡಿಯ ಮೇಲಿಂದ ಆ ವಾಸನೆ ಮೆಟ್ಟಿಲಿಳಿದು ಬರುತ್ತಿದೆ. ಮೇಲೆ ನಮ್ಮಕ್ಕ ಒಂದು ಟೆಂಟಿನ ಹೊಲಿಗೆಗೆ ಮೇಣ ತಿಕ್ಕುತ್ತಿದ್ದಾಳೆ. ಕೆಳಗೆ ನನ್ನ ಪಕ್ಕದಲ್ಲಿ ಇನ್ನೊಂದು ಟೆಂಟಿನ ಮೂಲೆಯನ್ನು ತಲೆಕೆಳಗು ಮಾಡಿದ ಸ್ಟೂಲಿನ ನಾಲ್ಕು ಕಾಲಿಗೆ ಜೋಳಿಗೆಯ ಹಾಗೆ ಕಟ್ಟಿ, ಒಂದು ಚೊಂಬು ನೀರು ತುಂಬಿಸಿಟ್ಟಿದ್ದೇನೆ. ಅದರ ಕೆಳಗೊಂದು ಹಳೆಯ ಪೇಪರು. ಸಂಜೆ ಚಹಾದ ಹೊತ್ತಿಗೆ ಪೇಪರು ಒಣಗಿಯೇ ಇದ್ದರೆ ಹೊಲಿಗೆ ಗೆದ್ದಂತೆ. ಅಲ್ಲಿಯವರೆಗೆ ಕಾಯುವುದು ನನ್ನ ಕೆಲಸ. ಕಾಯುವ ಹೊತ್ತಿನಲ್ಲಿ ನಿಮ್ಮ ಜೊತೆ ಒಂದಿಷ್ಟು ಮಾತಾಡೋಣ ಅಂತ ಪೆನ್ನು ಹಿಡಿದೆ. ಆರನೇ ತರಗತಿಗೆ ಶಾಲೆ ಬಿಟ್ಟವಳು ನಾನು. ಹೊಲಿಗೆ ಸೊಟ್ಟಗಾದರೆ ಬಿಚ್ಚಿ ಹೊಲಿಯಬಲ್ಲೆ. ಸಾಲು ಸೊಟ್ಟಗಾದರೆ ನೀವೇ ನೇರ ಮಾಡಿಕೊಂಡು ಓದಬೇಕು.

ನಾವಿರುವುದು ರಾಯದುರ್ಗದ ಬೆಟ್ಟದ ಕೆಳಗಿನ ಒಂದು ಓಣಿಯಲ್ಲಿ. ಇಲ್ಲಿ ಮಿಷನ್ನಿನ ಸದ್ದು ಕೇಳದ ಮನೆ ಅಂದರೆ ಬೀಗ ಹಾಕಿದ ಮನೆ. ಜೀನ್ಸ್ ಪ್ಯಾಂಟಿನ ತುಂಡುಗಳು ಕಟ್ಟುಕಟ್ಟಾಗಿ ಮನೆಗೆ ಬರುತ್ತವೆ. ಒಬ್ಬರು ಜೇಬು ಹಚ್ಚಿದರೆ ಇನ್ನೊಬ್ಬರು ಜಿಪ್ಪು, ಮತ್ತೊಬ್ಬರು ಸೊಂಟಪಟ್ಟಿ. ನೀಲಿ ಬಣ್ಣ ಬೆರಳಿಗೆ ಹತ್ತಿ, ಬೆರಳಿನಿಂದ ಮಕ್ಕಳ ಕೆನ್ನೆಗೆ ಹತ್ತುತ್ತದೆ. ಮದುವೆ ಮನೆಯಲ್ಲಿ ಎಲೆಯ ಮುಂದೆ ಕೂತರೆ ಕೈ ನೋಡಿಯೇ, "ರಾಯದುರ್ಗದವರೇನ್ರಿ?" ಅಂತ ಕೇಳುತ್ತಾರೆ.

ಆದರೆ ನಮ್ಮ ತವರು ಮಡಕಶಿರಾ ಕಡೆ, ರೊಳ್ಳದ ಹತ್ತಿರದ ಊರು. ಅಕ್ಕ ನಾಗರತ್ನ ಮದುವೆಯಾಗಿ ಇಲ್ಲಿಗೆ ಬಂದಳು. ಬಂದ ಮೂರನೇ ವರ್ಷಕ್ಕೆ, ಹಿಪ್ಪುನೇರಳೆ ಸೊಪ್ಪು ಕೊಯ್ಯುತ್ತಿದ್ದ ನನ್ನನ್ನೂ ಕರೆತಂದು ಮಿಷನ್ನಿನ ಮುಂದೆ ಕೂರಿಸಿದಳು. ಆಮೇಲೆ ಇದೇ ಓಣಿಯಲ್ಲಿ ನನಗೊಂದು ಗಂಡನ್ನೂ ಹುಡುಕಿದಳು. ನನಗೆ ಬರುವ ಕೆಲಸ, ನಾನಿರುವ ಮನೆ, ಎಲ್ಲವೂ ಅವಳ ಕೈಯಿಂದಲೇ ಬಂದದ್ದು. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಮುಂದೆ ಹೇಳಬೇಕಾದದ್ದು ನನಗೆ ಅಷ್ಟು ಸುಲಭವಲ್ಲ.

ಅಕ್ಕ ಹೊಲಿಯುತ್ತಿದ್ದದ್ದು ಪ್ಯಾಂಟಿನ ಕಾಲು. ಬಟ್ಟೆಯ ಎರಡು ಅಂಚನ್ನು ಒಂದರೊಳಗೊಂದು ಮಡಚಿ, ಅದರ ಮೇಲೆ ಎರಡು ಸಾಲು ಹೊಲಿಗೆ ಓಡಿಸುವುದು. ನಿಮ್ಮ ಜೀನ್ಸಿನ ಕಾಲು ತಿರುಗಿಸಿ ನೋಡಿ, ಕಾಣುತ್ತದೆ. ಒಮ್ಮೆ ಬಸ್ ಸ್ಟ್ಯಾಂಡಿನಲ್ಲಿ ನಿಂತಿದ್ದೆವು. ಮುಂದೆ ಯಾರೋ ಒಬ್ಬರು ಬೆನ್ನು ಮಾಡಿಕೊಂಡು ನಿಂತಿದ್ದರು. ಅಕ್ಕ ನನ್ನ ಪಕ್ಕೆಗೆ ತಿವಿದಳು.

"ನೋಡೆ, ಅದು ನಂದು."

"ಯಾವ್ದಕ್ಕಾ?"

"ಆ ಎಡಗಾಲು. ಬಲಗಾಲು ಯಾವಳೋ ಅವಸರಗೇಡಿ ಹೊಲ್ದಿರೋದು."

ಆ ಮನುಷ್ಯ ತಿರುಗಿ ನೋಡಿ ತನ್ನ ಎರಡೂ ಕಾಲನ್ನು ಪರೀಕ್ಷೆ ಮಾಡಿಕೊಂಡರು. ನಮ್ಮ ಭಾವ ಟವಲಿನಿಂದ ಮುಖ ಮುಚ್ಚಿಕೊಂಡು ಅಂಗಡಿಯೊಳಗೆ ಹೋಗಿಬಿಟ್ಟರು.

ನಮ್ಮ ಮನೆದೇವರ ವಿಷಯ ಹೇಳದೆ ಟೆಂಟಿನ ವಿಷಯ ಅರ್ಥವಾಗುವುದಿಲ್ಲ. ಮಡಕಶಿರಾದಿಂದ ಆಚೆ, ದೊಡ್ಡ ದೊಡ್ಡ ಗುಂಡುಕಲ್ಲುಗಳ ನಡುವೆ ಬಯಲಮ್ಮ ಇದ್ದಾಳೆ. ಒಂದು ಕಲ್ಲು, ಪಕ್ಕದಲ್ಲಿ ಒಂದು ಜಾಲಿ ಮರ, ಅಷ್ಟೇ. ಆಕೆಗೆ ಸೂರು ಆಗದು. ಹಿಂದೆ ಯಾರೋ ಗುಡಿ ಕಟ್ಟಲು ಹೋದಾಗ ಗೋಡೆ ಎದೆಮಟ್ಟ ಏಳುವುದು, ಬೀಳುವುದು, ಹೀಗೆ ಮೂರು ಸಲ ಆಯಿತಂತೆ. ದೇವರಿಗೇ ಸೂರಿಲ್ಲದ ಮೇಲೆ ಒಕ್ಕಲುಗಳಿಗೆಲ್ಲಿಯ ಸೂರು? ವರ್ಷಕ್ಕೊಮ್ಮೆ ಕಾರ್ತಿಕದಲ್ಲಿ ನಮ್ಮ ಬಳಗದ ಹತ್ತು ಮನೆಯವರೂ ಹೆಂಡಿರು ಮಕ್ಕಳ ಸಮೇತ ಹೋಗಿ, ಮೂರು ಕಲ್ಲು ಹೂಡಿ ಅಡುಗೆ ಮಾಡಿ, ಒಂದು ರಾತ್ರಿ ಅಲ್ಲೇ ಮಲಗಿ ಬರಬೇಕು. ತಲೆಯ ಮೇಲೆ ಬಟ್ಟೆ ಕಟ್ಟಿಕೊಳ್ಳಬಹುದು. ಆದರೆ ಮರುದಿನ ಊರ ಕಡೆ ಮುಖ ಮಾಡುವ ಮೊದಲು ಅದನ್ನು ಬಿಚ್ಚಿರಬೇಕು. "ವರ್ಸಕ್ಕೊಂದಿನ ಮನೆ ಬಿಡ್ಸಿ ನಮ್ಮುನ್ನ ನೋಡ್ತಾಳೆ ಕಣಮ್ಮಿ ಆಯಮ್ಮ" ಅನ್ನುತ್ತಿದ್ದಳು ಅವ್ವ.

ಕಾರ್ತಿಕವೆಂದರೆ ಕಡಲೆಕಾಯಿ ಕಿತ್ತು ಒಣಗಿಸುವ ಕಾಲವೂ ಹೌದು. ಊರಿನ ಟಾರ್ಪಾಲುಗಳೆಲ್ಲ ಕಡಲೆಕಾಯಿಯ ಕೆಳಗೆ ಸಿಕ್ಕಿಕೊಂಡಿರುತ್ತವೆ. ಹಾಗಾಗಿ ಬಯಲಮ್ಮನ ಹತ್ತಿರ ನಾವು ಕಟ್ಟುತ್ತಿದ್ದದ್ದು ಹಳೆಯ ಸೀರೆ, ಜಮಖಾನ. ಒಂದು ವರ್ಷ ತುಂತುರು ಹಿಡಿದು, ಸೀರೆ ನೆನೆದು, ಅವ್ವನಿಗೆ ಹತ್ತಿದ ಕೆಮ್ಮು ಸಂಕ್ರಾಂತಿ ದಾಟಿದರೂ ಬಿಡಲಿಲ್ಲ. ಮುಂದಿನ ವರ್ಷ ಚಿಕ್ಕಪ್ಪ, "ಅತ್ತಿಗೆ ಈ ಸಲ ಮನೇಲೇ ಇರ್ಲಿ" ಅಂದರು. ನಮ್ಮ ಹತ್ತು ಮನೆಗೆ ಚಿಕ್ಕಪ್ಪನೇ ಹಿರಿಯರು. ಅವ್ವ ಒಪ್ಪಬೇಕಲ್ಲ? "ನಾನ್ ಬರ್ದಿದ್ರೆ, ಎಲ್ಲಮ್ಮಿ ಆ ಮುದುಕಿ ಅಂತ ಆಯಮ್ಮ ಕೇಳಾಕಿಲ್ವಾ?" ಅಂದಳು. ಫೋನಿನಲ್ಲಿ ಇದನ್ನು ಕೇಳಿಸಿಕೊಂಡ ಅಕ್ಕ, "ಅವ್ವ ಬರ್ತಾಳೆ ಚಿಕ್ಕಪ್ಪಾ. ನಾನು ಟೆಂಟು ತರ್ತೀನಿ" ಅಂದುಬಿಟ್ಟಳು.

ಅಂದದ್ದೇನೋ ಸರಿ. ನಮಗೆ ಗೊತ್ತಿದ್ದ ಟೆಂಟು ಎಂದರೆ ಮದುವೆಯ ಶಾಮಿಯಾನ. ಬಜಾರಿನಲ್ಲಿ ಹಗ್ಗ, ರೇನ್‌ಕೋಟು ಮಾರುವ ಅಂಗಡಿಯವರು ನೀಲಿ ಪ್ಲಾಸ್ಟಿಕ್ ಹಾಳೆ ಎಳೆದು ತೋರಿಸಿ, "ಇದಕ್ಕ ನಾಕು ಕಡ್ಡಿ ಹುಗದ್ರ ಅದ ಟೆಂಟ್ ನೋಡ್ರಿ" ಅಂದರು. ಬಳ್ಳಾರಿಯ ದೊಡ್ಡ ಅಂಗಡಿಯಲ್ಲಿ ನಿಜವಾದದ್ದು ಸಿಕ್ಕಿತು. ಏನು ಚೆಂದ ಅಂತೀರಿ! ಕಿಟಕಿ, ಕಿಟಕಿಗೆ ಜಾಲರಿ, ಬಾಗಿಲಿಗೆ ಜಿಪ್ಪು. ಬೆಲೆ ಕೇಳಿ ನಾನು ಹೊರಗೆ ಬಂದು ನಿಂತೆ. ಅಕ್ಕ ಬರಲಿಲ್ಲ. ಟೆಂಟಿನೊಳಗೆ ತೂರಿಕೊಂಡು ಪ್ರತಿ ಹೊಲಿಗೆಯ ಮೇಲೂ ಬೆರಳಾಡಿಸುತ್ತ ಅರ್ಧ ಗಂಟೆ ಕೂತಳು. ಅಂಗಡಿಯಾತನಿಗೆ ಸಾಕಾಯಿತು.

"ತಗೊಂತೀರೇನ್ರಿ ಅಮ್ಮಾ, ಬರೇ ಓದ್ತೀರೇನ್ರಿ?"

"ಓದೋದು ಮುಗೀತ್ರಿ" ಅಂದು ಅಕ್ಕ ಹೊರಗೆ ಬಂದಳು. ಇಬ್ಬರೂ ಬಸ್ಸು ಹತ್ತಿದೆವು. ಸೀಟು ಸಿಕ್ಕ ಮೇಲೆ ನನ್ನ ಕಿವಿಯ ಹತ್ತಿರ ಬಾಗಿದಳು. "ಅದು ನಮ್ಮ ಪ್ಯಾಂಟಿನ ಕಾಲಿನ ಹೊಲಿಗೇನೆ ಕಣೆ. ಅದೇ ಮಡಿಕೆ, ಅದೇ ಎರಡು ಸಾಲು. ಇಷ್ಟು ವರ್ಷ ನಾನು ಟೆಂಟೇ ಹೊಲ್ದಿದ್ದೀನಿ, ಒಳಗೆ ಜನಗಳ ಕಾಲು ಇದ್ವು ಅಷ್ಟೆ."

ಕೊನೆಗೆ ಭಾವನ ಫೋನಿನಲ್ಲಿ ಹುಡುಕಿ, ನಮ್ಮ ಕೈಗೆಟಕುವಂಥ ಒಂದನ್ನು ತರಿಸಿದೆವು. ಸೋರೆಕಾಯಿಯಷ್ಟು ದಪ್ಪದ ಚೀಲದಲ್ಲಿ ಬಂತು. ಚೀಲದ ಮೇಲೆ ಆರು ಜನ ಮಲಗಿದ ಚಿತ್ರ. ಊದುಬತ್ತಿಯ ಪೊಟ್ಟಣದಲ್ಲಿ ಕಡ್ಡಿ ಇರುತ್ತವಲ್ಲ, ಹಾಗೆ ಮಲಗಿದ್ದರು, ಆರು ಜನವೂ ನಗುತ್ತ. ಅಕ್ಕ ಚಿತ್ರವನ್ನು ನಂಬುವವಳಲ್ಲ. ಮಹಡಿಯ ಮೇಲೆ ಟೆಂಟು ನಿಲ್ಲಿಸಿ ಭಾವನನ್ನು, ನನ್ನನ್ನು, ಮಕ್ಕಳನ್ನು, ಪಕ್ಕದ ಮನೆಯ ದಪ್ಪನೆಯ ಆಂಟಿಯನ್ನು ಒಳಗೆ ಮಲಗಿಸಿದಳು. ಭಾವನ ಮೊಣಕಾಲಿನಿಂದ ಕೆಳಗಿನ ಭಾಗ ಹೊರಗೇ ಉಳಿಯಿತು. "ಇದು ಆರು ಮಂದಿಗಲ್ಲ, ಐದೂವರಿ ಮಂದಿಗೆ ಐತಿ" ಅಂದರು ಭಾವ, ಒಳಗಿನಿಂದ. ಆಂಟಿ ನಕ್ಕ ರಭಸಕ್ಕೆ ಒಂದು ಕಂಬಿ ಕಳಚಿ ಟೆಂಟು ನಮ್ಮೆಲ್ಲರ ಮೇಲೆ ಮಲಗಿತು.

ಅಲ್ಲಿಂದ ಅಕ್ಕನ ಪರೀಕ್ಷೆಗಳು ಶುರುವಾದವು. ಬಟ್ಟೆಯನ್ನು ಬಾಯಿಗಿಟ್ಟು ಊದಿ, ಉಸಿರು ಆಚೆ ಹೋಗುತ್ತದೆಯೋ ನೋಡಿದಳು. ಹೋಗಲಿಲ್ಲ. ಸ್ಟೂಲಿಗೆ ಕಟ್ಟಿ ನೀರು ನಿಲ್ಲಿಸುವ ಈ ಉಪಾಯವೂ ಆಗ ಅವಳೇ ಕಂಡುಕೊಂಡದ್ದು. ಹೊಲಿಗೆಯಿಲ್ಲದ ನಡುಬಟ್ಟೆಯಲ್ಲಿ ಬೆಳಿಗ್ಗೆ ತುಂಬಿದ ನೀರು ಸಂಜೆಗೂ ಹಾಗೇ ಇತ್ತು. ಒಂದು ಭಾನುವಾರ ಭೈರವಾನಿತಿಪ್ಪದ ಡ್ಯಾಮಿನ ಏರಿಯ ಪಕ್ಕ ಬುತ್ತಿ ಕಟ್ಟಿಕೊಂಡು ಹೋಗಿ ಗಾಳಿಗೂ ನಿಲ್ಲಿಸಿ ನೋಡಿದೆವು. ಗೂಟ ಹೊಡೆಯುವ ಮುಂಚೆಯೇ ಗಾಳಿ ಬಂದು, ಟೆಂಟು ಹಗ್ಗ ಹಿಡಿದಿದ್ದ ಭಾವನನ್ನು ಇಪ್ಪತ್ತು ಹೆಜ್ಜೆ ಎಳೆದುಕೊಂಡು ಹೋಯಿತು. "ಏ ಹಿಡೀರ್ಲೇ, ನಾ ಹೊಂಟೆ" ಅಂತ ಅವರು ಕೂಗಿದ್ದನ್ನು ಮಕ್ಕಳು ಇವತ್ತಿಗೂ ಆಡಿ ತೋರಿಸುತ್ತಾರೆ.

ಕೊನೆಯ ಪರೀಕ್ಷೆ ಬಿಸಿಲಿನದು. ಮಧ್ಯಾಹ್ನ ಟೆಂಟಿನೊಳಗೆ ಕೂತು ಜಿಪ್ಪು ಎಳೆದುಕೊಂಡ ಅಕ್ಕ ನನ್ನನ್ನು ಕರೆದಳು. "ಬಾರೆ ಒಳಗೆ, ಹಗಲೊತ್ತು ನಕ್ಷತ್ರ ತೋರಿಸ್ತೀನಿ." ನಿಜವೇ. ತಲೆಯ ಮೇಲೆ ಹೊಲಿಗೆಯ ಉದ್ದಕ್ಕೂ ಬೆಳಕಿನ ಚುಕ್ಕೆಗಳು. ಒಂದೊಂದು ಚುಕ್ಕೆಯೂ ಸೂಜಿ ಹೊಕ್ಕ ಒಂದೊಂದು ತೂತು. "ಬಟ್ಟೆ ಒಳ್ಳೇದೈತೆ. ಹೊಲ್ದೋರು ಓಡಿಸಿದ್ದಾರೆ. ಬಿಚ್ಚಿ ನಾನೇ ಹೊಲೀತೀನಿ" ಅಂದಳು.

ಎಲ್ಲ ಹೊಲಿಗೆ ಬಿಚ್ಚಿ, ಪ್ಯಾಂಟಿನ ಕಾಲಿನ ಮಡಿಕೆ ಹಾಕಿ, ಮತ್ತೆ ಹೊಲಿಯತೊಡಗಿದಳು. ಇಲ್ಲಿ ನಮ್ಮ ಕೆಲಸದ ಒಂದು ಗುಟ್ಟು ಹೇಳಬೇಕು. ಜೀನ್ಸಿಗೆ ಹಾಕುವುದು ಹದಿನೆಂಟನೇ ನಂಬರಿನ ದಪ್ಪ ಸೂಜಿ. ಟೆಂಟಿನ ತೆಳ್ಳನೆಯ ಬಟ್ಟೆಗೆ ಹನ್ನೊಂದನೇ ನಂಬರು ಬೇಕು, ದಾರವೂ ಸಣ್ಣದು ಬೇಕು. ದಪ್ಪ ಸೂಜಿ ಮಾಡಿದ ತೂತನ್ನು ಸಣ್ಣ ದಾರ ತುಂಬುವುದಿಲ್ಲ. ಇಷ್ಟೇ ಗುಟ್ಟು. ಅಕ್ಕ ಪ್ರತಿ ಸಂಜೆ ಜೀನ್ಸಿನ ಕೆಲಸ ಮುಗಿಸಿ, ಸೂಜಿ ಬದಲಿಸಿ, ಟೆಂಟು ಹೊಲಿದು, ಮತ್ತೆ ಸೂಜಿ ಬದಲಿಸಿ ಏಳುತ್ತಿದ್ದಳು.

ಚಿಕ್ಕಪ್ಪ ಫೋನು ಮಾಡಿ, "ಸೋರ್ದಂಗಿದ್ರೆ ನಮ್ಮ ಹತ್ತು ಮನೆಗೂ ನೀನೇ ಹೊಲ್ಕೊಡಮ್ಮಿ" ಅಂದರು. ಆ ದಿನ ಅಕ್ಕನ ಮುಖ ನೀವು ನೋಡಬೇಕಿತ್ತು. "ಬರೇ ಕಾಲು ಹೊಲ್ದು ಹೊಲ್ದು ಸಾಕಾಗೈತೆ ಕಣೆ. ಒಂದು ಇಡೀ ವಸ್ತು ನನ್ನ ಕೈಲಿ ಆಗೋದು ನಾನು ನೋಡೇ ಇಲ್ಲ" ಅಂದಳು. ಅಷ್ಟು ವರ್ಷ ಅವಳ ಪಕ್ಕದಲ್ಲಿ ಕೂತಿದ್ದ ನನಗೆ ಅವಳಿಗೊಂದು ಆಸೆ ಇದೆಯೆಂದು ಗೊತ್ತಾದದ್ದು ಅವತ್ತು.

ಹೊರಡುವ ಹಿಂದಿನ ದಿನ ಹಿಂಭಾಗದ ಒಂದು ಮೂಲೆ ಮಾತ್ರ ಉಳಿದಿತ್ತು. ದಾರದ ರೀಲು ಮುಗಿದಿತ್ತು. ಹೊಸದೊಂದು ತಂದು ಮಿಷನ್ನಿನ ಮೇಲಿಟ್ಟು, ಅಕ್ಕ ಪೂಜೆ ಸಾಮಾನಿಗೆ ಬಜಾರಿಗೆ ಹೊರಟಳು. "ಎರಡು ಗೇಣು ಹೊಲಿಗೆ ಉಳಿದೈತೆ. ಸೂಜಿ ಬದಲಿಸಿ ಹೊಲಿ. ಹೊಲಿದ ಮೇಲೆ ನೀರು ಕಟ್ಟಿ ನೋಡು" ಅಂದಳು.

ಅವತ್ತು ಸಂಜೆಗೆ ನಾನು ಒಂದು ಕಟ್ಟು ಜೇಬು ಮುಗಿಸಿ ಕೊಡಬೇಕಿತ್ತು. ಮಿಷನ್ನಿನಲ್ಲಿ ಹದಿನೆಂಟನೇ ಸೂಜಿ ಇತ್ತು. ಎರಡು ಗೇಣಿಗೆ ಯಾರು ಸೂಜಿ ಬಿಚ್ಚುತ್ತಾರೆ, ಮತ್ತೆ ಯಾರು ಹಾಕುತ್ತಾರೆ ಅನ್ನಿಸಿತು. ದಾರವನ್ನಷ್ಟೇ ಬದಲಿಸಿ ಸರ್ರನೆ ಹೊಲಿದೆ. ಮೇಲೆ ಮೇಣ ತಿಕ್ಕಿದೆ. ನೀರು ಕಟ್ಟಿದರೆ ಸಂಜೆಯವರೆಗೆ ಮಿಷನ್ನಿನ ಪಕ್ಕದ ಜಾಗ ಬಿಡಬೇಕು. ಕೈಯಲ್ಲಿ ಒಂದಿಷ್ಟು ನೀರು ತೆಗೆದುಕೊಂಡು, ಬಟ್ಟೆ ಒದ್ದೆಯಾಗಿ ಕಾಣುವಷ್ಟು ಚಿಮುಕಿಸಿದೆ. ಅಕ್ಕ ಬಂದು ಒದ್ದೆ ಮುಟ್ಟಿ ನೋಡಿ, "ಭೇಷ್" ಅಂದಳು. ಆ ಭೇಷನ್ನು ನಾನು ನಗುತ್ತಲೇ ಇಸಿದುಕೊಂಡೆ.

ಬಯಲಮ್ಮನ ಹತ್ತಿರ ಮಾರನೆಯ ಸಂಜೆ, ಹೊತ್ತಿನ್ನೂ ಮುಳುಗಿರಲಿಲ್ಲ, ಮಳೆ ಬಂತು. ತುಂತುರಲ್ಲ, ಜಡಿಮಳೆ. ಸೀರೆ, ಜಮಖಾನಗಳ ಕೆಳಗಿದ್ದವರೆಲ್ಲ ಎದ್ದುಬಿದ್ದು ಗುಂಡುಗಳ ಸಂದಿಗೆ ಓಡಿದರು. ಟೆಂಟಿನೊಳಗೆ ಅವ್ವ, ಎಳೆಗೂಸು ಎತ್ತಿಕೊಂಡ ನಮ್ಮಣ್ಣನ ಹೆಂಡತಿ, ಮಕ್ಕಳು, ನಾವಿಬ್ಬರು. ಹತ್ತು ನಿಮಿಷವಾಯಿತು, ಇಪ್ಪತ್ತಾಯಿತು, ಒಂದು ಹನಿ ಇಲ್ಲ. ಚಿಕ್ಕಪ್ಪ ನೆಂದ ತಲೆಯನ್ನು ಒಳಗೆ ತೂರಿಸಿ, "ಇದೇನ್ಲಾ ಇದು, ಕಣದಂಗೆ ಒಣಗೈತೆ!" ಅಂದರು. ಅಕ್ಕ ಸೆರಗನ್ನು ಸರಿಮಾಡಿಕೊಂಡಳು. ಅವಳಿಗೆ ಹೆಮ್ಮೆಯಾದಾಗ ಮಾಡುವ ಕೆಲಸ ಅದೊಂದೇ.

ಆಗ ಹಿಂದಿನ ಮೂಲೆಯಿಂದ ಒಂದು ತೊಟ್ಟು ಅವ್ವನ ದುಪ್ಪಟಿಯ ಮೇಲೆ ಬಿತ್ತು. ಆಮೇಲೆ ಇನ್ನೊಂದು. ಆಮೇಲೆ ಸಾಲಾಗಿ, ಎರಡು ಗೇಣಿನ ಉದ್ದಕ್ಕೂ. ಅವ್ವ ಊಟದ ತಟ್ಟೆಯನ್ನು ಅದರ ಕೆಳಗಿಟ್ಟು, "ನಾಕ್ ತೊಟ್ಟು ಅಷ್ಟೇಯ, ಬಿಡ್ರಮ್ಮಿ" ಅಂದಳು. ಆದರೆ ತಟ್ಟೆಯ ಮೇಲೆ ಬೀಳುವ ಸದ್ದನ್ನು ಎಲ್ಲಿ ಬಚ್ಚಿಡುವುದು?

ಚಿಕ್ಕಪ್ಪ ನಕ್ಕರು. "ಪ್ಯಾಂಟ್ ಹೊಲ್ಯೋರು ಮನೆ ಹೊಲ್ದ್ರೆ ಇಂಗೇಯ. ಪ್ಯಾಂಟಿಗೆ ಮಳೆ ಒಳಗಿಂದ ತಾನೆ ಬರೋದು!"

ಮಕ್ಕಳು ಬಿದ್ದು ಬಿದ್ದು ನಕ್ಕವು. ಅತ್ತಿಗೆಯೂ ಬಾಯಿಗೆ ಸೆರಗು ಅಡ್ಡ ಹಿಡಿದಳು. ಅಕ್ಕ ನನ್ನ ಕಡೆ ನೋಡಿದಳು, ಒಂದೇ ಸಲ. ಆ ಮೂಲೆ ನನ್ನ ತಂಗಿ ಹೊಲಿದದ್ದು ಅಂತ ಅವಳು ಹೇಳಬಹುದಿತ್ತು. ಹೇಳಲಿಲ್ಲ. "ನನ್ನ ಹೊಲಿಗೆ ಚಿಕ್ಕಪ್ಪಾ. ಎಲ್ಲಿ ತಪ್ಪೈತೆ ನೋಡ್ತೀನಿ" ಅಂದಳು. ನಾನು ಕೂಸಿನ ಟೋಪಿ ಸರಿಮಾಡುವ ನೆಪದಲ್ಲಿ ತಲೆ ಬಗ್ಗಿಸಿಕೊಂಡೆ. ಹತ್ತು ಮನೆಯ ಟೆಂಟಿನ ಮಾತನ್ನು ಆಮೇಲೆ ಯಾರೂ ಎತ್ತಲಿಲ್ಲ.

ಬೆಳಿಗ್ಗೆ ಟೆಂಟು ಬಿಚ್ಚಿ ಒಣಗಿಸಬೇಕಿತ್ತು. ಒಲೆಯ ಹತ್ತಿರದ ಗುಂಡಿನ ಮೇಲೆ ಹರವಿದವಳು ನಾನು. ಆ ಮೂಲೆಯೇ ಒಲೆಯ ಕಡೆಗೆ ಬಂತು. ನೋಡನೋಡುತ್ತ ಬಟ್ಟೆ ಮುದುರಿ, ಕರಗಿ, ಕಪ್ಪು ಗಂಟಾಯಿತು. ನನ್ನ ಸಾವಿರ ಸೂಜಿತೂತುಗಳೂ ಅದರ ಜೊತೆ ಕರಗಿದವು. ಕೈ ತಪ್ಪಿ ಹಾಗೆ ಹರವಿದೆನೋ, ಬೇಕೆಂದೇ ಹರವಿದೆನೋ, ದೇವರಾಣೆ ನನಗೆ ಗೊತ್ತಿಲ್ಲ. ನಿಮ್ಮ ಮುಂದೆ ಸುಳ್ಳು ಹೇಳಿ ಒಳ್ಳೆಯವಳಾಗುವ ಆಸೆ ಈಗಿಲ್ಲ. ಗೊತ್ತಿಲ್ಲ ಅನ್ನುವುದೇ ನಿಜ.

ವಾಪಸು ಬರುವಾಗ ಕಲ್ಯಾಣದುರ್ಗದಲ್ಲಿ ಬಸ್ಸು ಬದಲಿಸಿ ಕೂತ ಮೇಲೆ ಅಕ್ಕ ಕೇಳಿದಳು. "ಸೂಜಿ ಬದಲಿಸಿದ್ದೆ ಅಲ್ವೇನೆ?"

"ಹೂಂ ಕಣಕ್ಕಾ."

"ಹಂಗಾರೆ ಆ ಹೊಸ ದಾರದ್ದೇ ತಪ್ಪು."

ಒಂದು 'ಹೂಂ' ಎಷ್ಟು ದೂರ ಹೋಗುತ್ತದೆ ನೋಡಿ. ಊರಿಗೆ ಬಂದವಳೇ ಅಕ್ಕ ದಾರದ ಅಂಗಡಿಗೆ ಹೋಗಿ, ನಾಲ್ಕು ಜನರ ಮುಂದೆ, "ಕಲಬೆರಕೆ ದಾರ ಕೊಟ್ಟೀರಿ, ಕಳ್ಳತನ ಇದು" ಅಂತ ಜಗಳವಾಡಿದಳು. ಆ ಅಂಗಡಿಯ ಮೆಟ್ಟಿಲು ಹತ್ತುವುದನ್ನೇ ಬಿಟ್ಟು ಬಳ್ಳಾರಿಯಿಂದ ದಾರ ತರಿಸತೊಡಗಿದಳು. ಎರಡು ವರ್ಷ ಅವಳ ಭಾನುವಾರಗಳೆಲ್ಲ ಈ ಸ್ಟೂಲಿನ ಮುಂದೆ ಕಳೆದವು. ಹತ್ತು ಥರದ ದಾರ, ನಾಲ್ಕು ಥರದ ಮೇಣ. ಪೇಪರು ಒಣಗಿದ್ದರೂ ಅವಳಿಗೆ ನಂಬಿಕೆ ಬರುತ್ತಿರಲಿಲ್ಲ. "ಆವತ್ತೂ ಒಣಗಿತ್ತಲ್ಲ, ನೀನೇ ನೋಡಿದ್ಯಲ್ಲ" ಅನ್ನುತ್ತಿದ್ದಳು. ನಾನು ಚಹಾ ಮಾಡಲು ಎದ್ದು ಹೋಗುತ್ತಿದ್ದೆ. ಆ ಎರಡು ವರ್ಷದಲ್ಲಿ ನಾನು ಮಾಡಿದಷ್ಟು ಚಹಾ ಹೋಟೆಲಿನವರೂ ಮಾಡಿರಲಿಕ್ಕಿಲ್ಲ.

ಕೊನೆಗೆ ಅವಳೊಂದು ದಾರಿ ಕಂಡುಕೊಂಡಳು. ಹೊಲಿಗೆಯ ಒಳಮೈಗೆ ಅದೇ ಬಟ್ಟೆಯ ಎರಡು ಬೆರಳಗಲದ ಪಟ್ಟಿಯನ್ನು ಉದ್ದಕ್ಕೂ ಅಂಟಿಸುವುದು. ಮೂರನೆಯ ವರ್ಷ ಬಟ್ಟೆಯ ಥಾನು ತರಿಸಿ, ಕತ್ತರಿಸಿ, ಮೊದಲ ಸಲ ಒಂದು ಇಡೀ ಟೆಂಟನ್ನು ತಾನೇ ಮಾಡಿ ಬಯಲಮ್ಮನ ಹತ್ತಿರ ಒಯ್ದಳು. ಆ ವರ್ಷ ನೋಡಿದರೆ ಆಕಾಶದಲ್ಲಿ ಒಂದು ಮೋಡವಿಲ್ಲ. ಅಕ್ಕ ಬಿಡುವವಳೇ? ಚಿಕ್ಕಪ್ಪನನ್ನು ಒಳಗೆ ಕೂರಿಸಿ, ಜಿಪ್ಪು ಎಳೆದು, ಹತ್ತು ಮನೆಯ ಹೆಂಗಸರ ಕೈಗೂ ಒಂದೊಂದು ಬಿಂದಿಗೆ ಕೊಟ್ಟಳು. "ಚಿಕ್ಕಪ್ಪನ ಕೈಲಿ ಯಾರ್ಯಾರು ಬೈಸ್ಕೊಂಡಿದ್ದೀರೋ ಎಲ್ಲಾ ನೆನಸ್ಕೊಂಡು ಸುರೀರಿ" ಅಂದಳು. ಹೆಂಗಸರು ಸುರಿದ ಸುರಿತ ನೋಡಬೇಕಿತ್ತು! ಚಿಕ್ಕಪ್ಪ ಹೊರಗೆ ಬಂದು, ಮೀಸೆ ಮುಟ್ಟಿಕೊಂಡು, "ಬೆವರು ಬಿಟ್ರೆ ಏನೂ ಇಲ್ಲ ಕಣಮ್ಮಿ. ಹೊಲಿ, ಹತ್ತು ಮನೆಗೂ ಹೊಲಿ" ಅಂದರು.

ಈಗ ಅಕ್ಕ ಪ್ಯಾಂಟಿನ ಕಾಲು ಹೊಲಿಯುವುದಿಲ್ಲ. ಹತ್ತು ಮನೆಯವರಿಗಾಯಿತು, ಅವರ ಬೀಗರಿಗಾಯಿತು, ಕುರಿ ಹಿಂಡು ಹೊಡೆದುಕೊಂಡು ಊರೂರು ಅಲೆಯುವ ರೊಳ್ಳದ ಕಡೆಯವರು, ಕುರಿಮರಿಗಳೂ ಹಿಡಿಸುವಂಥದ್ದು ಬೇಕು ಅಂತ ಕೇಳಿ ಮಾಡಿಸಿಕೊಂಡು ಹೋಗುತ್ತಾರೆ. ಕಾರ್ತಿಕದಲ್ಲಿ ಬಯಲಮ್ಮನ ಹತ್ತಿರ ಗುಂಡುಗಳ ಮೇಲೆ ಹತ್ತಿ ನಿಂತರೆ ಕೆಳಗೆ ಹತ್ತು ಟೆಂಟು ಕಾಣುತ್ತವೆ, ಹತ್ತೂ ನಮ್ಮಕ್ಕನವು. ಅವುಗಳ ಒಂದು ಕಾಲಲ್ಲ, ಒಂದು ಜೇಬಲ್ಲ, ಇಡಿಯಾಗಿ ಅವಳವು. ನನಗೆ ಕಣ್ಣು ತುಂಬುವಷ್ಟು ಹೆಮ್ಮೆ. ಯಾರಾದರೂ, "ಯಾರು ಹೊ‌ಲ್ದಿದ್ದು ಇವು?" ಅಂತ ಕೇಳಿದರೆ ಅಕ್ಕನಿಗಿಂತ ಮುಂಚೆ ನಾನೇ ಬಾಯಿ ಹಾಕುತ್ತೇನೆ. ಆದರೆ ಹೇಳಿ ಮುಗಿಸಿದ ಕೂಡಲೇ ಆ ತಟ್ಟೆಯ ಮೇಲೆ ತೊಟ್ಟಿಕ್ಕುವ ಸದ್ದು ಕೇಳುತ್ತಿತ್ತು.

ಹಾಗೇ ಬಾಯಿ ಮುಚ್ಚಿಕೊಂಡು ಇದ್ದುಬಿಡುತ್ತಿದ್ದೆನೋ ಏನೋ. ಕಳೆದ ತಿಂಗಳು ಅಕ್ಕನ ಹತ್ತಿರ ಓಣಿಯ ಮೂವರು ಹೆಣ್ಣುಮಕ್ಕಳು ಟೆಂಟಿನ ಕೆಲಸ ಕಲಿಯಲು ಬಂದರು. ಅಕ್ಕ ಅವರಿಗೆ ಹೇಳಿಕೊಡುತ್ತಿದ್ದಳು.

"ಸೂಜಿ ಮ್ಯಾಲ ಬಾಳ ನಂಬಿಕಿ ಇಡಬ್ಯಾಡ್ರಿ. ದಾರ ನೋಡ್ರಿ, ದಾರ. ನನ್ನ ತಂಗಿ ಹನ್ನೊಂದನೇ ನಂಬರ್ ಸೂಜ್ಯಾಗೇ ಹೊಲದಿದ್ಲು, ಆದ್ರೂ ಸೋರ್ತು. ನಾನ ಕಣ್ಣಾರೆ ನೋಡೀನಿ."

ಮೂವರೂ ತಲೆಯಾಡಿಸಿದರು. ನನ್ನ ಸುಳ್ಳು ಆಗಲೇ ಪಾಠವಾಗಿತ್ತು. ನಾಳೆ ಇವರು ಇನ್ನು ಯಾರಿಗೋ ಹೇಳುತ್ತಾರೆ. ಯಾವುದೋ ಬಯಲಿನಲ್ಲಿ ಯಾರದೋ ತಾಯಿಯ ದುಪ್ಪಟಿ ನೆನೆಯುತ್ತದೆ. ನಾನು ಮಿಷನ್ನಿನ ಮೋಟಾರು ನಿಲ್ಲಿಸಿದೆ.

"ಅಕ್ಕಾ, ನಾನು ಬದಲಿಸಿರ್ಲಿಲ್ಲ."

"ಏನನ್ನ?"

"ಸೂಜಿ. ಹದಿನೆಂಟರಲ್ಲೇ ಹೊಲಿದಿದ್ದೆ."

ಅಕ್ಕ ಕತ್ತರಿ ಕೆಳಗಿಟ್ಟಳು. "ನೀರು?"

"ಕಟ್ಟಿರ್ಲಿಲ್ಲ. ಚಿಮುಕಿಸಿದ್ದೆ ಅಷ್ಟೆ."

"ಆ ಬೆಂಕಿ?"

"ಅದು ಗೊತ್ತಿಲ್ಲಕ್ಕಾ. ನಿಜವಾಗ್ಲೂ ಗೊತ್ತಿಲ್ಲ."

ಆ ಹುಡುಗಿಯರು ನೆಲ ನೋಡುತ್ತಿದ್ದರು. ಅಕ್ಕ ಬಯ್ಯಲಿಲ್ಲ. ಅಂದದ್ದು ಇಷ್ಟೇ: "ಎರಡು ವರ್ಷ ಕಣೆ. ಎರಡು ವರ್ಷ ನನ್ನ ಕೈಯನ್ನೇ ನಾನು ನಂಬಿರ್ಲಿಲ್ಲ." ಆಮೇಲೆ ಹುಡುಗಿಯರ ಕಡೆ ತಿರುಗಿ, "ಈಗ ಹೇಳಿದ್ದು ಮರತುಬಿಡ್ರಿ. ಸೂಜಿ ಮೊದಲು, ದಾರ ಆಮ್ಯಾಲ" ಅಂದಳು. ಚಪ್ಪಲಿ ಮೆಟ್ಟಿಕೊಂಡು ಹೊರಟಳು. ನಾನು ಹೆದರಿ ಹಿಂದೆಯೇ ಹೋದೆ. ಹೋದದ್ದು ದಾರದ ಅಂಗಡಿಗೆ. ಅಂಗಡಿಯವರ ಮುಂದೆ ಕೈಮುಗಿದು, "ಆವತ್ತು ನಿಮಗ ಕಳ್ಳತನ ಅಂದಿದ್ದೆರಿ. ತಪ್ಪು ನಮ್ಮದಿತ್ತು" ಅಂದಳು. ನಮ್ಮದು ಅಂದಳು, ಆಗಲೂ ನನ್ನದು ಅನ್ನಲಿಲ್ಲ.

"ಅಯ್ಯ, ನನಗ ನೆನಪ ಇಲ್ರೀ ಅಮ್ಮಾ. ದಿನಕ್ಕ ಹತ್ತು ಮಂದಿ ಕಳ್ಳ ಅಂತಾರ. ಎಷ್ಟು ರೀಲ್ ಕೊಡ್ಲಿ?" ಅಂದರು ಅವರು.

ಆಮೇಲೆ ಒಂಬತ್ತು ದಿನ ಅಕ್ಕ ನನ್ನ ಜೊತೆ ಮಾತಾಡಲಿಲ್ಲ. ಏನಾದರೂ ಬೇಕಾದರೆ ಭಾವ ಮಧ್ಯೆ ನಿಂತು, "ನಿಮ್ಮಕ್ಕ ಮೇಣ ಕೇಳ್ತಾಳ ನೋಡವ್ವ" ಅನ್ನುವುದು, ಮೇಣ ನನ್ನ ಮೊಣಕೈಯ ಪಕ್ಕದಲ್ಲೇ ಇದ್ದರೂ. ಆ ಒಂಬತ್ತು ದಿನದಲ್ಲಿ ಒಂದು ದಿನ ನಾನೇ ಚಿಕ್ಕಪ್ಪನಿಗೆ ಫೋನು ಮಾಡಿ ಎಲ್ಲ ಹೇಳಿದೆ, ಅವ್ವನಿಗೂ ಅತ್ತಿಗೆಗೂ ಕೇಳುವ ಹಾಗೆ ಸ್ಪೀಕರು ಹಾಕಿಸಿ. ಚಿಕ್ಕಪ್ಪ, "ಅಂಗಾರೆ ಆವತ್ತು ನಗಬೇಕಾಗಿದ್ದು ನಿನ್ನ ನೋಡಿ" ಅಂದರು. ಹೌದು ಚಿಕ್ಕಪ್ಪಾ, ಅಂದೆ.

ಹತ್ತನೆಯ ದಿನ, ಇವತ್ತು ಬೆಳಿಗ್ಗೆ, ಅಕ್ಕ ಮಹಡಿಯಿಂದ ಇಳಿದು ಬಂದು ಒಂದು ಟೆಂಟನ್ನು ನನ್ನ ಮಿಷನ್ನಿನ ಮೇಲೆ ಹಾಕಿದಳು. "ಹಿಂದಿನ ಮೂಲೆ. ಎರಡು ಗೇಣು" ಅಂದು ಹತ್ತಿ ಹೋದಳು. ಸೂಜಿ ಬದಲಿಸು ಅನ್ನಲಿಲ್ಲ, ನೀರು ಕಟ್ಟು ಅನ್ನಲಿಲ್ಲ.

ಈ ಸಾಲಿನ ಹೊತ್ತಿಗೆ ಚಹಾದ ಹೊತ್ತಾಗಿತ್ತು. ಎದ್ದು ಸ್ಟೂಲಿನ ಕೆಳಗೆ ಬಗ್ಗಿ ಪೇಪರು ಮುಟ್ಟಿದೆ. ಅಂಗೈ ಇಟ್ಟು ನೋಡಿದೆ, ಕೆನ್ನೆಯನ್ನೂ ಇಟ್ಟು ನೋಡಿದೆ. ಒಣಗಿತ್ತು. ನೀರು ಚೆಲ್ಲಿ, ಟೆಂಟನ್ನು ಹೊತ್ತುಕೊಂಡು ಮಹಡಿಗೆ ಹೋದೆ. ಬೆಳಿಗ್ಗೆ ಮಿಷನ್ನಿನಿಂದ ಬಿಚ್ಚಿ ಬ್ಲೌಸಿಗೆ ಸಿಕ್ಕಿಸಿಕೊಂಡಿದ್ದ ಹದಿನೆಂಟನೇ ನಂಬರಿನ ಸೂಜಿಯನ್ನು ತೆಗೆದು ಅವಳ ಅಂಗೈಯಲ್ಲಿಟ್ಟೆ. ಅವಳು ಅದನ್ನು ನೋಡಿದಳು. ತನ್ನ ತಾಳಿಯ ಪಿನ್ನುಗಳ ಪಕ್ಕ ಸಿಕ್ಕಿಸಿಕೊಂಡಳು. ಆಮೇಲೆ ಆ ಮೂಲೆಯನ್ನು ಎತ್ತಿ, ಮಳೆಗೆ ಗೋಣಿ ಹೊದ್ದುಕೊಳ್ಳುವ ಹಾಗೆ ಇಬ್ಬರ ತಲೆಯ ಮೇಲೂ ಎಳೆದುಕೊಂಡು, ಇಳಿಬಿಸಿಲಿನ ಕಡೆ ಮುಖ ಮಾಡಿ ನಿಂತಳು.

"ನೋಡೆ, ನಕ್ಷತ್ರ ಇದಾವಾ?"

ಪಟ್ಟಿಯನ್ನು ಇನ್ನೂ ಅಂಟಿಸಿರಲಿಲ್ಲ. ಬರೀ ನನ್ನ ಹೊಲಿಗೆ, ಅದರ ಹಿಂದೆ ರಾಯದುರ್ಗದ ಬಿಸಿಲು. ಎರಡು ಗೇಣಿನ ಉದ್ದಕ್ಕೂ ಕಣ್ಣು ಕಿರಿದು ಮಾಡಿಕೊಂಡು ಹುಡುಕಿದೆ.

"ಒಂದೂ ಇಲ್ಲಕ್ಕಾ" ಅಂದೆ.

"ನಂಗೂ ಕಾಣ್ತಿಲ್ಲ" ಅಂದು ಅಕ್ಕ ಸೆರಗು ಸರಿಮಾಡಿಕೊಂಡಳು.